ಒಡೆಯದ ಪ್ಯಾಕೆಟ್ಟು

ಅರಸೀಕೆರೆಯಲ್ಲಿ ಬುದ್ಧಿ ನೆಟ್ಟಗಿರುವ ಕೊಬ್ಬರಿ ವ್ಯಾಪಾರಿ ಒಬ್ಬರೇ, ಅದು ತಾವೇ ಎಂದು ನಮ್ಮ ದೊಡ್ಡಪ್ಪ ನಂಬಿದ್ದಾರೆ. ಊರಿನವರ ಅಭಿಪ್ರಾಯವನ್ನು ಇಲ್ಲಿ ಬರೆದರೆ ಹಬ್ಬಕ್ಕೆ ಆ ಮನೆಯಲ್ಲಿ ನನಗೆ ಒಬ್ಬಟ್ಟು ಸಿಗುವುದಿಲ್ಲ!

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಬೇರೆಯವರು ಚಿನ್ನ ಕೊಳ್ಳುತ್ತಾರೆ, ಸೈಟು ಕೊಳ್ಳುತ್ತಾರೆ. ದೊಡ್ಡಪ್ಪ ಕೊಳ್ಳುವುದು ಆಟಗಾರರ ಫೋಟೊ ಇರುವ, ಮಕ್ಕಳಾಡುವ ಕ್ರಿಕೆಟ್ ಕಾರ್ಡಿನ ಪ್ಯಾಕೆಟ್ಟು! ಒಡೆಯದ ಹಳೇ ಪ್ಯಾಕೆಟ್ಟಿಗೆ ಮುಂದೆ ಬಂಗಾರದ ಬೆಲೆ ಬರುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದರಂತೆ. ಇಟ್ಟು, ಕಾದು, ಮಾರುವುದನ್ನು ಕೊಬ್ಬರಿಯವರಿಗೆ ಹೇಳಿಕೊಡಬೇಕೆ? ತೆಂಗಿನಕಾಯಿ ಒಣಗುವ ಅಟ್ಟದ ಮೇಲೇ ಪ್ಯಾಕೆಟ್ಟುಗಳನ್ನೂ ಪೇರಿಸಿದರು. ಕೊಬ್ಬರಿ ಆಗಿದೆಯೇ ಎಂದು ಕಾಯಿ ಅಲ್ಲಾಡಿಸಿ ನೋಡುವಂತೆ, ವಾರಕ್ಕೊಮ್ಮೆ ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ.

"ಏನನ್ನುತ್ತೆ ದೊಡ್ಡಪ್ಪ?"

"ಇನ್ನೂ ಹಸಿ ಐತೆ ಕಣೋ."

ದೊಡ್ಡಮ್ಮನಿಗೆ ಇದ್ದದ್ದು ಒಂದೇ ಆಸೆ. "ರೀ, ಒಂದೇ ಒಂದು ಒಡೀರಿ. ಒಳಗೆ ಯಾರವ್ರೆ ನೋಡಾನ."

"ಒಡೆದ್ರೆ ಬೆಲೆ ಹೋಯ್ತದೆ ಕಣೇ!"

ಆರು ವರ್ಷದಿಂದ ಇದೇ ಜಗಳ. ಒಮ್ಮೆ ದೊಡ್ಡಮ್ಮ ಉಪ್ಪಿನಕಾಯಿ ಜಾಡಿಯ ಮೇಲೆ 'ತೆಗೆಯಬಾರದು, ಬೆಲೆ ಏರುತ್ತಿದೆ' ಎಂದು ಚೀಟಿ ಅಂಟಿಸಿ, ವಾರವಿಡೀ ಬರೀ ಮೊಸರನ್ನ ಬಡಿಸಿದರು. ದೊಡ್ಡಪ್ಪ ಜಗ್ಗಲಿಲ್ಲ.

ಕಾರ್ಡಿನ ಮೂಲೆ ಮುಕ್ಕಾದರೆ ಬೆಲೆ ಅರ್ಧವಂತೆ. ನಾವೆಲ್ಲ ಹಳೇಬೀಡು ನೋಡಲು ಹೋದಾಗ ಈ ಜ್ಞಾನವನ್ನು ಅವರು ಅಲ್ಲಿಗೂ ಹೊತ್ತು ತಂದರು. ಗೈಡು ಮೈಮರೆತು ಶಿಲ್ಪವೊಂದನ್ನು ವರ್ಣಿಸುತ್ತಿದ್ದರೆ ಇವರು ಕನ್ನಡಕ ಏರಿಸಿ, "ಮೂಗು ಮುಕ್ಕಾಗೈತೆ, ಎಡಗೈ ಇಲ್ಲ. ರೇಟು ಬಿದ್ದೋಯ್ತು ಬಿಡಿ!" ಎಂದರು. ಬೇಲೂರಿಗೂ ಬರುತ್ತೇನೆ ಎಂದಿದ್ದ ಆ ಗೈಡಿಗೆ ತಟ್ಟನೆ ಬೇರೇನೋ ಕೆಲಸ ನೆನಪಾಯಿತು.

ಕಳೆದ ತಿಂಗಳು ಹಾಸನದ ಆಸ್ಪತ್ರೆಯಲ್ಲಿ ದೊಡ್ಡಮ್ಮನಿಗೆ ಹೃದಯದ ಆಪರೇಷನ್. ಒಳಗೆ ಕರೆದೊಯ್ಯಲು ನರ್ಸ್ ಬಂದು ನಿಂತಿದ್ದರು.

"ಭಯ ಆಯ್ತದೆ ಕಣ್ರೀ," ಎಂದರು ದೊಡ್ಡಮ್ಮ.

ಊರಿಗೆಲ್ಲ ಭಾಷಣ ಬಿಗಿಯುವ ದೊಡ್ಡಪ್ಪ ಜೇಬಿಗೆ ಕೈ ಹಾಕಿ, ಅಟ್ಟದಿಂದ ತಂದಿದ್ದ ಎಲ್ಲಕ್ಕಿಂತ ಹಳೆಯ ಪ್ಯಾಕೆಟ್ಟನ್ನು ತೆಗೆದು ಪರ್ರನೆ ಹರಿದರು. ಮೇಲಿನ ಕಾರ್ಡನ್ನು ಹೆಂಡತಿಯ ಕೈಗಿಟ್ಟರು.

"ಯಾರ್ರೀ ಇವ್ನು?"

"ಗೊತ್ತಿಲ್ಲ ಕಣೇ."

ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ, ಬೆಲೆ ಹೋಯ್ತಲ್ರೀ!"

"ಹೋಗ್ಲಿ ಬಿಡು. ನೀನು ಬಾ."

ಹುಷಾರಾಗಿ ಬಂದರು. ಈಗ ಭಾನುವಾರ ಊಟ ಮುಗಿಸಿ, ಇಬ್ಬರೂ ಜೊತೆಗೆ ಕೂತು ಒಂದೊಂದು ಪ್ಯಾಕೆಟ್ ಒಡೆಯುತ್ತಾರೆ.