ಅತ್ತೆಯ ಇಂಗ್ಲಿಷೂ ಖಾಲಿ ಫ್ಲ್ಯಾಟುಗಳೂ

ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ನಮ್ಮ ಸೋದರತ್ತೆ ಹೊಗಳದ ಫ್ಲ್ಯಾಟ್ ಒಂದೂ ಇಲ್ಲ. ಕೊಂಡ ಫ್ಲ್ಯಾಟೂ ಒಂದಿಲ್ಲ! ಬ್ರೋಕರುಗಳ ಶಾಪ ತಟ್ಟುವುದಿದ್ದರೆ ಇಷ್ಟು ಹೊತ್ತಿಗೆ ನಮ್ಮ ವಂಶವೇ ಬೂದಿಯಾಗಿರಬೇಕಿತ್ತು.

ಅತ್ತೆ ಚಾಣಕ್ಯಪುರಿಯ ಗೆಸ್ಟ್‌ಹೌಸೊಂದರ ಅಡುಗೆಮನೆಯಲ್ಲಿ ಜೀವ ತೇದವಳು. ಮದುವೆ ಬೇಡವೆಂದವಳು. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟ ದಿನ ಟ್ರಂಕು, ರುಬ್ಬುಗಲ್ಲು ಸಮೇತ ನಮ್ಮಲ್ಲಿಗೆ ಬಂದಳು. "ನೋಡೋ, ನಂದೇ ಒಂದು ಮನೆ ಸಿಗೋವರೆಗೆ ಅಷ್ಟೇ. ನಿಮಗೆ ಭಾರ ಆಗಲ್ಲ" ಎಂದು ಬಾಗಿಲಲ್ಲೇ ಷರತ್ತು ಹಾಕಿದಳು. ಅವಳು ಹೋಗುವುದು ನಮಗ್ಯಾರಿಗೂ ಬೇಕಿರಲಿಲ್ಲ. ಆದರೆ ಅವಳೆದುರು ಹಾಗೆ ಹೇಳುವ ಧೈರ್ಯ ಯಾರಪ್ಪನಿಗಿತ್ತು?

ಮನೆಗಿಂತ ಮೊದಲು ಅವಳಿಗೆ ಇಂಗ್ಲಿಷ್ ಬೇಕಾಯಿತು.

"ಯಾಕತ್ತೆ? ಹಿಂದಿ ನೀರು ಕುಡಿದ ಹಾಗೆ ಮಾತಾಡ್ತೀಯಲ್ಲ!"

"ಹಿಂದೀಲಿ ಕೇಳಿದ್ರೆ ತಾರಸಿ ಮೇಲಿನ ಕೋಣೆ ತೋರಿಸ್ತಾರೆ ಕಣೋ. ಇಂಗ್ಲಿಷಲ್ಲಿ ಕೇಳಿದ್ರೆ ಮಾಡ್ಯುಲರ್ ಕಿಚನ್!"

ಗುರು ನನ್ನ ಮಗಳು. "ಅಜ್ಜಿ, ಬೋಲೋ, ದೇರ್ ಈಸ್ ಎ ಬಾಲ್ಕನಿ."

"ದೇರ್ ಈಸ್ ಎ ಬಾಲ್ಕನಿ. ದೇರ್ ಆರ್ ಪಾರಿವಾಳ. ದೇರ್ ಈಸ್ ನೋ ಬಟ್ಟೆ ಒಣಗಿಸೋಕೆ ಜಾಗ."

"ಅಜ್ಜಿ, ಮಿಕ್ಸ್ ಮತ್ ಕರೋ!"

ಹೇಳುವವಳು ಯಾರು ನೋಡಿ! ಅಂತೂ ಸ್ಪೇಶಿಯಸ್, ಏರಿ, ವೆಲ್ ಲಿಟ್, ಕ್ರಾಸ್ ವೆಂಟಿಲೇಷನ್ ಎಲ್ಲ ಬಾಯಿಪಾಠವಾದವು. ದೇವರ ಮುಂದೆ ಸ್ತೋತ್ರದ ನಡುವೆಯೂ ಇಣುಕತೊಡಗಿದವು.

ತೊಡಕು ಒಂದೇ. ಮನೆಯೊಳಗೆ ನಿಂತು ಕೆಟ್ಟ ಮಾತಾಡಿದರೆ ಅಸ್ತು ದೇವತೆಗಳು ಮೇಲಿಂದ 'ಅಸ್ತು' ಅಂದುಬಿಡುತ್ತಾರೆ, ಆಮೇಲೆ ಅದೇ ನಿಜವಾಗುತ್ತದೆ ಎಂಬುದು ಅತ್ತೆಯ ನಂಬಿಕೆ. ಹಾಗಾಗಿ ಕೈ ಚಾಚಿದರೆ ಎರಡೂ ಗೋಡೆ ಸಿಗುವ ಬೆಡ್‌ರೂಮಿಗೆ "ವೆರಿ ಸ್ಪೇಶಿಯಸ್!" ಹಾಡಹಗಲೇ ದೀಪ ಹಾಕಬೇಕಾದ ಅಡುಗೆಮನೆಗೆ "ವೆಲ್ ಲಿಟ್!" ಬ್ರೋಕರ್ ಹಿರಿಹಿರಿ ಹಿಗ್ಗಿ ಚಹಾ ತರಿಸುವನು. ಗೇಟು ದಾಟಿದ್ದೇ ತಡ, "ಥೂ, ಅದೇನು ಮನೆಯೋ, ಇಲಿ ಬೋನೋ!" ಎಂದು ಅತ್ತೆ ಅಪ್ಪಟ ಕನ್ನಡಕ್ಕೆ ಇಳಿಯುವಳು.

ಒಬ್ಬ ಬ್ರೋಕರಂತೂ ವ್ಯಾಪಾರ ಕುದುರಿತೆಂದು ಮಿಠಾಯಿ ಡಬ್ಬ ಹಿಡಿದು ಮನೆಗೇ ಬಂದ! ಅತ್ತೆ ಅವನಿಗೆ ಬಿಸಿಬೇಳೆಭಾತ್ ಬಡಿಸಿ, "ಹೌಸ್ ವೆರಿ ಗುಡ್, ಬೇಟಾ. ಬಟ್ ನೋ" ಎಂದಳು. ಪಾಪ, ಇನ್ನೊಂದು ಸಲ ಬಡಿಸಿಕೊಂಡು ತಿಂದು ಹೋದ.

ಹೋದ ಭಾನುವಾರ ನಾವೆಲ್ಲ ಅವಳ ಜೊತೆ ಪೀತಮ್‌ಪುರಕ್ಕೆ ಹೋಗಿ ನೋಡಿದ ಮನೆ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಒಂದೇ ಕೋಣೆ, ಬಿಸಿಲು ಬೀಳುವ ಅಡುಗೆಮನೆ, ಕಿಟಕಿಯಾಚೆ ಬೇವಿನ ಮರ. ಬೆಲೆಯೂ ಅವಳಿಗೆ ಎಟಕುವಂಥದ್ದೇ. ಅತ್ತೆ ಒಂದೇ ಒಂದು ಇಂಗ್ಲಿಷ್ ಪದ ಆಡದೆ ಅಡುಗೆಕಟ್ಟೆ ಸವರುತ್ತ ನಿಂತುಬಿಟ್ಟಳು. ಮುಗೀತು, ಅತ್ತೆ ಹೊರಟಳು ಅಂದುಕೊಂಡೆ. ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಪರ್ಫೆಕ್ಟ್ ಫಾರ್ ಸಿಂಗಲ್ ಲೇಡಿ, ಆಂಟೀಜಿ" ಎಂದ ಬ್ರೋಕರ್.

ಅತ್ತೆ ಥಟ್ಟನೆ ತಿರುಗಿದಳು. "ಸಿಂಗಲ್?" ನನ್ನನ್ನು, ನನ್ನ ಹೆಂಡತಿಯನ್ನು, ಮಗಳನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ನೋ, ನೋ, ಬೇಟಾ. ಹೌಸ್ ವೆರಿ ಗುಡ್. ಬಟ್ ವಿ ಆರ್ ಫೋರ್ ಪೀಪಲ್."

ಅತ್ತೆ ಆಗಲೇ ಮಗಳ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.

"ಚಲೋ, ಮನೆಗೆ ಹೋಗೋಣ. ನಾಳೆ ದೋಸೆಗೆ ಅಕ್ಕಿ ನೆನೆಹಾಕ್ಬೇಕು."