ಸೀನಿಯರ್ ಹತ್ತಿರ ಸಂಬಳ ಕೇಳಿದ್ದು

ಸಂಬಳ ಕೇಳುವುದೇನು ಬ್ರಹ್ಮವಿದ್ಯೆಯೇ? ಬಾಯಿ ತೆರೆದು ಕೇಳಿದರಾಯಿತು. ಕಾನೂನು ಓದಿ ಪಾಸು ಮಾಡಿದವನು ನಾನು. ಊರವರ ಹಕ್ಕಿಗೆಲ್ಲ ಹೋರಾಡಲು ಹೊರಟವನಿಗೆ ತನ್ನ ಹಕ್ಕು ಕೇಳಲು ಬರುವುದಿಲ್ಲವೇ? ಹೀಗೆಂದುಕೊಂಡೇ ಆ ಶುಕ್ರವಾರ ಬೆಳಿಗ್ಗೆ ಗೋಪಿಚಂದನ ಹಚ್ಚಿಕೊಂಡು ತಿರುವಲ್ಲಿಕೇಣಿಯಿಂದ ಮೈಲಾಪುರಕ್ಕೆ ಹೊರಟೆ.

ಆಗಿನ ಮದರಾಸಿನಲ್ಲಿ ಬಿ.ಎಲ್. ಪಾಸಾದವನು ಒಬ್ಬ ಸೀನಿಯರ್ ವಕೀಲರ ಬಳಿ ವರ್ಷವಿಡೀ ಅಪ್ರೆಂಟಿಸ್ ಆಗಿ ದುಡಿಯಬೇಕಿತ್ತು. ದುಡಿಯುವುದೆಂದರೆ ಅವರ ಗೌನು ಹೊರುವುದು, ದಪ್ಪ ದಪ್ಪ ಪುಸ್ತಕ ಹೊರುವುದು, ಅವರ ಮನೆಗೆ ಬದನೆಕಾಯಿ ಹೊರುವುದು. ಬದನೆಕಾಯಿ ಯಾವ ಕಾಯಿದೆಯ ಕೆಳಗೆ ಬರುತ್ತದೋ ನನಗೆ ಈಗಲೂ ಗೊತ್ತಿಲ್ಲ. ಇಷ್ಟಕ್ಕೆಲ್ಲ ಸಂಬಳ? ಶ್ರೀಕೃಷ್ಣಾರ್ಪಣ!

ನಮ್ಮ ಅಪ್ಪಯ್ಯ ಉಡುಪಿ ಕಡೆಯಿಂದ ಬಂದು ತಿರುವಲ್ಲಿಕೇಣಿಯಲ್ಲಿ ಹೋಟೆಲು ಇಟ್ಟವರು. ಕೆಲಸ ಮಾಡಿದವನಿಗೆ ಊಟವೂ ಕೊಡಬೇಕು, ಸಂಬಳವೂ ಕೊಡಬೇಕು ಎಂಬುದು ಅವರಿಗೆ ಸಂಧ್ಯಾವಂದನೆಯಷ್ಟೇ ಖಂಡಿತ. ಮಗ ಪುಗಸಟ್ಟೆ ದುಡಿಯುವುದನ್ನು ನೋಡಿ ನೋಡಿ ಸಾಕಾಗಿ ಕೊನೆಗೆ ತೀರ್ಪು ಕೊಟ್ಟರು. ದೀಪಾವಳಿಯೊಳಗೆ ಸಂಬಳ ನಿಗದಿಯಾದರೆ ವಕೀಲಿ. ಇಲ್ಲದಿದ್ದರೆ ಕರಿಕೋಟು ಗೂಟಕ್ಕೆ, ನಾನು ಗಲ್ಲಾಕ್ಕೆ.

ಹೆಂಡತಿ ಜಲಜ ಅಳುವುದೊಂದು ಬಾಕಿ. ತನ್ನ ಗಂಡ ಲಾಯರು ಎಂದು ತವರಿನಲ್ಲೆಲ್ಲ ಅವಳು ಡಂಗುರ ಹೊಡೆದಾಗಿತ್ತು. ಇವತ್ತು ಕೇಳದೆ ಮನೆಗೆ ಬರಬೇಡಿ ಎಂದು ಹೇಳಿಯೇ ಕಳಿಸಿದ್ದಳು.

ನಮ್ಮ ಸೀನಿಯರ್ ತಲೆಮಾರುಗಳಿಂದ ಮದರಾಸಿನಲ್ಲೇ ಬೇರುಬಿಟ್ಟ ಆಚಾರ್ಯ ಮನೆತನದ ಕನ್ನಡಿಗರು. ಅವರ ಕನ್ನಡದಲ್ಲಿ ಅರ್ಧ ತಮಿಳು. ನಾನು ಎದುರು ನಿಂತಾಗ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಅಷ್ಟೇ, ನನ್ನ ಹಕ್ಕೆಲ್ಲ ಯಾರೋ ಸ್ನೇಹಿತನ ಹಕ್ಕಾಗಿಬಿಟ್ಟಿತು. ನನ್ನ ಸ್ನೇಹಿತನೊಬ್ಬ ಬೆಳಗಿನಿಂದ ಕತ್ತಲಾಗುವವರೆಗೆ ದುಡಿಯುತ್ತಾನೆ, ಧಣಿ ಬಿಡಿಗಾಸು ಕೊಡುವುದಿಲ್ಲ, ಕಾನೂನು ಏನು ಹೇಳುತ್ತದೆ ಸಾರ್ ಎಂದು ಸುತ್ತಿ ಬಳಸಿ ಕೇಳಿದೆ. ಅವರಿಗೆ ಒಳಗುಟ್ಟು ತಿಳಿಯುತ್ತದೆ, ನಾಚಿಕೊಂಡು ಹಣದ ಬೀರು ತೆಗೆಯುತ್ತಾರೆ ಎಂದು ನನ್ನ ಅಂದಾಜು.

ಅವರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. "ಎಂಥಾ ಅನ್ಯಾಯಂ ಅಯ್ಯಾ ಇದು! ಯಾರು ಆ ಮೊದಲಾಳಿ?"

ಧಣಿಯ ಹೆಸರು ಹೇಳುವುದೆಂತು? ಬೆವರಿದೆ, ನೆಲ ನೋಡಿದೆ. ನನ್ನ ಒದ್ದಾಟ ಕಂಡು ಅವರ ವಕೀಲ ಬುದ್ಧಿ ಚುರುಕಾಯಿತು. ಹೆಸರು ಹೇಳಲು ಬಾಯಿ ಬರುತ್ತಿಲ್ಲವೆಂದರೆ ಆಸಾಮಿ ಹತ್ತಿರದವನೇ ಇರಬೇಕು. ಇವನ ಅಪ್ಪನದೇ ಹೋಟೆಲಲ್ಲವೇ! ತಾವೇ ಬಂದು ಮಾತಾಡುವುದಾಗಿ ಹೇಳಿ ಕಾರು ಹತ್ತಿದರು. ಬೇಡ ಸಾರ್ ಎಂದು ಅಡ್ಡ ನಿಂತೆ. ತಂದೆಯಾದರೂ ನ್ಯಾಯ ನ್ಯಾಯವೇ ಎಂದು ನನ್ನ ಬೆನ್ನು ತಟ್ಟಿ ಒಳಗೆ ಕೂರಿಸಿಕೊಂಡರು. ಅಯ್ಯೋ ನನ್ನ ಕರ್ಮವೇ!

ಹೋಟೆಲಿನ ಗಲ್ಲಾದ ಮುಂದೆ ನಿಂತು ಅಪ್ಪಯ್ಯನಿಗೆ ಕೂಲಿಯವರ ಹಕ್ಕಿನ ಬಗ್ಗೆ ದೊಡ್ಡ ಭಾಷಣವೇ ಆಯಿತು. ಇಡ್ಲಿ ತಿನ್ನುತ್ತಿದ್ದವರ ಕೈ ಅರ್ಧದಲ್ಲಿ ನಿಂತಿತು. ಹೋಟೆಲಿನ ಹಿಂದೆಯೇ ನಮ್ಮ ಮನೆ, ಜಲಜ ಒಳಬಾಗಿಲಿಗೆ ಬಂದು ನಿಂತಳು. ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡರು.

"ನಮ್ಮಲ್ಲಿ ಎಲೆ ತೆಗೆಯುವವನಿಗೂ ಸಂಬಳ ಉಂಟು ಸ್ವಾಮಿ. ಬಿಟ್ಟಿ ದುಡಿಯುವವ ಅಂದ್ರೆ ನಿಮ್ಮ ಹಿಂದೆ ನಿಂತವ ಒಬ್ಬನೇ. ಅವನ ಧಣಿ ನೀವು."

ಸೀನಿಯರ್ ಮುಖ ಕೆಂಪಗಾಯಿತು. ಕೆಲಸ ಕೈಗೂಡಿತು ಎಂದುಕೊಂಡೆ. ಆದರೆ ವಕೀಲರ ಜಾತಿ ಸುಮ್ಮನಿರುತ್ತದೆಯೇ? ಅಪ್ರೆಂಟಿಸ್ ಎಂದರೆ ಆಳಲ್ಲ, ಶಿಷ್ಯ. ಗುರುಕುಲದಲ್ಲಿ ಶಿಷ್ಯನಿಗೆ ಸಂಬಳ ಕೊಟ್ಟವರುಂಟೇ ಎಂದು ವಾದಕ್ಕಿಳಿದರು. ಅಪ್ಪಯ್ಯ ಬಿಡಲಿಲ್ಲ. ದೋಸೆ ಹುಯ್ಯಲು ಕಲಿಯುವವನೂ ಶಿಷ್ಯನೇ, ಅವನಿಗೆ ಮೊದಲ ದಿನದಿಂದಲೇ ಕೊಡುತ್ತೇನೆ, ಕಲಿಯುವವನಿಗೂ ಹೊಟ್ಟೆ ಇರುತ್ತದೆ ಎಂದರು. ಭಲೇ ಅಪ್ಪಯ್ಯ! ಸೀನಿಯರ್ ತಡವರಿಸಿದರು. ತಡವರಿಸುತ್ತಲೇ ಬಲಗೈಯನ್ನು ಹಿಂದಕ್ಕೆ ಚಾಚಿದರು.

ಕೋರ್ಟಿನಲ್ಲಿ ಆ ಕೈ ಹಿಂದೆ ಬಂತೆಂದರೆ ಅಪ್ರೆಂಟಿಸ್ ತಕ್ಷಣ ಒಂದು ಪಾಯಿಂಟು ಎತ್ತಿಕೊಡಬೇಕು. ಯೋಚಿಸುತ್ತ ಕೂರುವಂತಿಲ್ಲ. ಅದೇ ಅಭ್ಯಾಸಬಲ, ನನ್ನ ಹಾಳು ಬಾಯಿ ತಾನಾಗಿ ತೆರೆದುಕೊಂಡಿತು.

"ದೋಸೆ ಕಲಿಯುವವ ತಪ್ಪಿದರೆ ಒಂದು ದೋಸೆ ಹಾಳು ಸಾರ್. ಅಪ್ರೆಂಟಿಸ್ ತಪ್ಪಿದರೆ ಕಕ್ಷಿಗಾರನ ಮನೆಯೇ ಹಾಳು. ಆ ತಪ್ಪು ತಿದ್ದುವ ಶ್ರಮಕ್ಕೆ ಅಪ್ರೆಂಟಿಸನೇ ಸೀನಿಯರಿಗೆ ಫೀಸು ಕೊಡಬೇಕು."

ಸೀನಿಯರ್ ಮೇಜು ಗುದ್ದಿ ಅದನ್ನೇ ಗಟ್ಟಿಯಾಗಿ ಹೇಳಿದರು. ಇಡ್ಲಿಯವರು ತಲೆದೂಗಿದರು. ಅಪ್ಪಯ್ಯನೂ ತಲೆದೂಗಿದರು! ನಾನು ಏನು ಮಾಡಿಕೊಂಡೆ ಎಂಬುದು ನನಗೆ ಹೊಳೆದದ್ದು ಜಲಜ ಹಣೆ ಚಚ್ಚಿಕೊಂಡಾಗಲೇ.

ಅಪ್ಪಯ್ಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳ್ಕೊಂಡವ ಇವ. ಇವನನ್ನು ಗಲ್ಲಾದಲ್ಲಿ ಕೂರಿಸಿದ್ರೆ ಹೋಟ್ಲು ಉಳಿಯುದುಂಟಾ? ನೀವೇ ಇಟ್ಕೊಳ್ಳಿ ಸ್ವಾಮಿ. ಫೀಸು ಎಷ್ಟು ಹೇಳಿ."

ಹೀಗೆ ನನ್ನ ಕರಿಕೋಟು ಉಳಿಯಿತು. ಗಂಡ ಲಾಯರಾಗಿಯೇ ಉಳಿದನೆಂದು ಜಲಜ ಪಾಯಸ ಮಾಡಿದಳು, ಬಡಿಸುವಾಗ ಮಾತ್ರ ನನ್ನ ಮುಖ ನೋಡಲಿಲ್ಲ. ನನ್ನ ವಾದದಿಂದ ಗೆದ್ದ ಮೊದಲ ಕೇಸು ಅದು. ಎರಡನೆಯದಕ್ಕೆ ಬಹಳ ವರ್ಷ ಕಾಯಬೇಕಾಯಿತು.