ಹದಿನೆಂಟು ಇಂಚಿನ ಕಸಿ

ನನ್ನ ಹೆಂಡತಿಯ ಕೂದಲಿನ ಉದ್ದ ಹದಿಮೂರು ಇಂಚು. ಅವಳ ಜಡೆಯ ಉದ್ದ ಮೂವತ್ತೊಂದು ಇಂಚು. ನಡುವಿನ ಹದಿನೆಂಟು ಇಂಚು ಎಲ್ಲಿಂದ ಬಂತು ಎಂದು ಕೇಳಬಾರದು ಎನ್ನುವುದು ನಮ್ಮ ಮನೆಯ ಮೊದಲನೆಯ ಕಾನೂನು. ಕೇಳಿದವನಿಗೆ ಆ ದಿನ ತಣ್ಣಗಿನ ಕಾಫಿ. (ಮೂಡಿಗೆರೆಯಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.)

ಚೌರಿ ಎಂಬ ಆ ಹದಿನೆಂಟು ಇಂಚಿನ ಬಗ್ಗೆ ನನಗೆ ತಾತ್ವಿಕ ವಿರೋಧವೇನೂ ಇರಲಿಲ್ಲ. ಎಸ್ಟೇಟೊಂದರ ನರ್ಸರಿಯಲ್ಲಿ ಕಾಫಿ ಸಸಿಗಳಿಗೆ ಕಸಿ ಕಟ್ಟಿಸುವುದೇ ನನ್ನ ಉದ್ಯೋಗ. ರೊಬಸ್ಟಾದ ಬೇರಿನ ಮೇಲೆ ಅರೇಬಿಕಾದ ತಲೆ ಕೂರಿಸಿ ಸಂಬಳ ತೆಗೆದುಕೊಳ್ಳುವವನು, ಒಬ್ಬಳ ತಲೆಗೆ ಇನ್ನೊಬ್ಬಳ ಕೂದಲು ಕಟ್ಟುವುದನ್ನು ಯಾವ ಬಾಯಿಂದ ತಪ್ಪೆನ್ನಲಿ? ನನ್ನ ತಕರಾರು ಇದ್ದದ್ದು ಕಟ್ಟಿದ ರೀತಿಯ ಬಗ್ಗೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವನ ಮನೆಯಲ್ಲಿ ಸಂಧಿ ಸಡಿಲವಾಗಿರಬಾರದು.

ಆದರೆ ಸಡಿಲವಾಗಿತ್ತು. ಎಂಬತ್ತೈದರ ಮಾರ್ಚಿನಲ್ಲಿ ಸಂಸೆಯಲ್ಲೊಂದು ನಾಮಕರಣ ಮುಗಿಸಿಕೊಂಡು ಕಳಸದಿಂದ ಚಿಕ್ಕಮಗಳೂರಿನ ಬಸ್ಸು ಹತ್ತಿದೆವು. ತಿರುವು ರಸ್ತೆ, ನನ್ನ ಹೆಂಡತಿ ಗಂಗಾ ಮುಂದಿದ್ದ ಸೀಟಿನ ಹಿಂದಿನ ಕಂಬಿಗೆ ತಲೆಯಾನಿಸಿ ನಿದ್ದೆ ಹೋದಳು. ಮೂಡಿಗೆರೆಯಲ್ಲಿ ಗಡಿಬಿಡಿಯಿಂದ ಎದ್ದು ಇಳಿದಳು. ಅವಳು ಇಳಿದಳು, ಹದಿನೆಂಟು ಇಂಚು ಇಳಿಯಲಿಲ್ಲ. ಕಂಬಿಯ ಬೋಲ್ಟಿಗೆ ಸಿಕ್ಕಿಕೊಂಡ ಚೌರಿ ಅದೇ ಟಿಕೆಟ್ಟಿನಲ್ಲಿ ಮುಂದಕ್ಕೆ ಪ್ರಯಾಣ ಬೆಳೆಸಿತು.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನಾಗೇಶ ನನ್ನನ್ನು ಕಂಡವನೇ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಮೇಲೆತ್ತಿ ಕೂಗಿದ: "ಸಾರ್, ಅಮ್ಮೋರ ಜಡೆ ಚಿಕ್ಕಮಗಳೂರು ನೋಡ್ಕೊಂಡು ಬಂದಿದೆ, ತಗೊಳ್ಳಿ!"

ವ್ಯಾಕರಣದಲ್ಲಿ ಹೇಳುವುದಾದರೆ, ಬಸ್ಸಿನಲ್ಲಿ ಆದದ್ದು ಲೋಪಸಂಧಿ, ನಾಗೇಶ ಮಾಡಿದ್ದು ಆಗಮಸಂಧಿ. ಇದನ್ನು ಮನೆಯಲ್ಲಿ ಹೇಳಿದೆ. ಗಂಗಾ ನಗಲಿಲ್ಲ.

"ನಾಗೇಶ ಕೊಡೋವಾಗ ಅಲ್ಲಿ ಎಷ್ಟು ಜನ ಇದ್ರು?"

"ಒಂಬತ್ತು."

"ಎಣಿಸ್ತಾ ನಿಂತಿದ್ರಾ ಮಾರಾಯ್ರೆ! ಇದು ನಮ್ಮದಲ್ಲ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಅದು ಸುಳ್ಳಾಗ್ತಿತ್ತಲ್ಲ ಗಂಗಾ."

"ಸತ್ಯ ಹೇಳೋಕೆ ನಿಮಗೆ ನನ್ನ ಜಡೆನೇ ಬೇಕಿತ್ತಾ?"

ಇಷ್ಟು ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಆರು ವರ್ಷದ ಹಿಂದೆ ಟೈಫಾಯ್ಡ್ ಬಂದು ಅವಳ ಕೂದಲೆಲ್ಲ ಉದುರಿತ್ತು. ಉದುರುವ ಮೊದಲು ಆ ಮೂವತ್ತೊಂದು ಇಂಚೂ ಅವಳದೇ ಆಗಿತ್ತು. ನನಗದು ಮರೆತಿರಲಿಲ್ಲ, ಆದರೆ ನೆನಪಿದೆ ಎಂದು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

"ಬರೋ ತಿಂಗಳು ತಂಗಿ ಮದುವೆ. ನಾನು ಕಳಸಗಿತ್ತಿ. ಬೆಳಿಗ್ಗೆಯಿಂದ ಸಂಜೆತನಕ ಮದುಮಗಳ ಪಕ್ಕ ಕಳಸ ಹಿಡ್ಕೊಂಡು, ಇಡೀ ಛತ್ರಕ್ಕೆ ಬೆನ್ನು ತೋರಿಸ್ಕೊಂಡು ನಿಂತಿರಬೇಕು. ಎರಡೂ ಕೈಯಲ್ಲಿ ಕಳಸ. ಜಡೆ ಜಾರಿದ್ರೆ ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರ್ಲಿ?"

ಭಯಕ್ಕೆ ಕಾರಣವಿತ್ತು. ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ, "ನಿಮ್ಮ ಮನೆ ಹೆಣ್ಣುಮಕ್ಕಳ ಕೂದಲು ನೋಡಿಯೇ ನಾವು ಒಪ್ಪಿದ್ದು" ಎಂದಿದ್ದರು. (ಹುಡುಗಿ ಬಿ.ಎ. ಪಾಸಾಗಿದ್ದಳು. ಯಾವ ಕ್ಲಾಸು ಎಂದೂ ಅವರು ಕೇಳಲಿಲ್ಲ.) ಅಕ್ಕನ ಜಡೆ ಮಂಟಪದಲ್ಲಿ ಕಳಚಿ ಬಿದ್ದರೆ ತಂಗಿಯ ಜಡೆಯನ್ನೂ ಜಗ್ಗಿ ನೋಡುವ ಜನ ಅವರು.

"ಗಂಗಾ, ಇದನ್ನು ನನಗೆ ಬಿಡು," ಎಂದೆ.

"ಅದೇ ಹೆದರಿಕೆ," ಎಂದಳು.

ಮೊದಲು ಮೂಡಿಗೆರೆ ಪೇಟೆಯಲ್ಲಿ ಬಳೆ, ರಿಬ್ಬನ್, ಚೌರಿ ಮಾರುವ ರೌಶನ್ ಬೀಯ ಅಂಗಡಿಗೆ ಹೋಗಿ, ಚೌರಿಗೆ ಬರುವ ರೋಗಗಳೇನು, ಮದ್ದೇನು ಎಂದು ವಿಚಾರಿಸಿದೆ. ನನ್ನ ಕೈಯಲ್ಲಿದ್ದ ನೋಟುಪುಸ್ತಕ ಕಂಡು ಆಕೆ ಮೊದಲು ಹೆದರಿದರು, ಸೇಲ್ಸ್ ಟ್ಯಾಕ್ಸಿನವನಿರಬೇಕು ಎಂದು. ಆಮೇಲೆ ಹೇಳಿದರು:

"ಗಂಟು ಬಿತ್ತಾ? ತುದಿಯಿಂದ ಬಾಚ್ಬೇಕು ಸಾರ್, ಮೇಲಿಂದ ಅಲ್ಲ. ವಾಸ್ನೆ ಬಂತಾ? ಅಂಟುವಾಳದ ನೀರಲ್ಲಿ ಅದ್ದಿ, ಹಿಂಡ್ದೆ ನೆರಳಲ್ಲಿ ಹಾಕಿ. ಒದ್ದೆ ತಲೆಗೆ ಕಟ್ಬಾರ್ದು, ಕಟ್ಕೊಂಡು ಮಲಗ್ಬಾರ್ದು. ಇಷ್ಟೇ."

"ಎಷ್ಟು ಹೊತ್ತು ಅದ್ದಬೇಕು?"

"ಸಾಕು ಅನ್ನಿಸೋವರ್ಗೆ."

"ಜಾರದ ಹಾಗೆ ಏನು ಮಾಡಬೇಕು?"

"ಅಮ್ಮೋರ ಕೂದಲಲ್ಲೇ ಬಿಗಿಯಾಗಿ ಒಂದು ಸಣ್ಣ ಜಡೆ ಹಾಕಿ, ಚೌರಿ ದಾರ ಅದರೊಳಗೆ ತೂರ್ಸಿ ಎರಡು ಗಂಟು ಹಾಕಿ. ಹುಬ್ಬಳ್ಳಿವರ್ಗೂ ಹೋಗ್ಲಿ, ಜಾರಲ್ಲ."

ಎರಡು ಗಂಟು! ಯಾವ ದಿಕ್ಕಿಗೆ, ಎಷ್ಟು ಬಲದಲ್ಲಿ, ಒಂದು ಅಂಕಿಯಾದರೂ ಬೇಡವೇ? ನಾಲ್ಕು ಪುಟ ಬರೆದುಕೊಂಡೆ, ವಂದನೆ ಹೇಳಿದೆ, ಪ್ರಯೋಗಕ್ಕೆಂದು ಎರಡು ಹಳೆಯ ಚೌರಿ ಕೊಂಡೆ. ವಾಸನೆಗೂ ಗಂಟಿಗೂ ಆಕೆಯ ಮದ್ದನ್ನೇ ಮಾಡಿದೆ, ಎರಡೂ ಗುಣವಾದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ಜಾರುವ ರೋಗಕ್ಕೆ ಮಾತ್ರ ನನ್ನ ಶಾಸ್ತ್ರದಲ್ಲೇ ಔಷಧಿ ಇತ್ತು: ಕಸಿ ಮೇಣ.

ಗಿಡದ ಕಸಿ ಕಟ್ಟಿದ ಜಾಗಕ್ಕೆ ನೀರು ಗಾಳಿ ಹೋಗದಂತೆ ಬಳಿಯುವ ಮೇಣವದು. ರಾಳ ನಾಲ್ಕು ಭಾಗ, ಜೇನುಮೇಣ ಎರಡು ಭಾಗ, ಹರಳೆಣ್ಣೆ ಒಂದು ಭಾಗ. ಹಳೆಯ ಚೌರಿಗಳನ್ನು ಒಂದಕ್ಕೊಂದು ಸೇರಿಸಿ, ಮೇಣ ಬಳಿದು, ನರ್ಸರಿಯ ಷೆಡ್ಡಿನಲ್ಲಿ ನೇತುಹಾಕಿ ಕೆಳಗೆ ಎರಡು ಕಿಲೋ ತೂಕದ ಬಟ್ಟು ಕಟ್ಟಿದೆ. ನಾಲ್ಕು ಗಂಟೆ ನಿಂತಿತು. ಮೂರು ಕಿಲೋ ಕಟ್ಟಿದೆ, ಆಗಲೂ ಜಗ್ಗಲಿಲ್ಲ. ಮೇಸ್ತ್ರಿ ಚಿಕ್ಕಯ್ಯ ಬಂದು ಬಹಳ ಹೊತ್ತು ನೋಡಿ, "ಇದು ಯಾವ ತಳಿ ಸಾರ್?" ಎಂದು ಕೇಳಿದ.

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಅಂಟಿಸುವ ಪ್ರಯೋಗ ಎರಡು ಸಲ ಮಾಡಿದೆ, ಬಿಡಿಸುವ ಪ್ರಯೋಗವನ್ನು ಒಂದು ಸಲವೂ ಮಾಡಲಿಲ್ಲ. ಹನ್ನೆರಡು ವರ್ಷದಿಂದ ಕಸಿ ಕಟ್ಟಿಸುತ್ತಿರುವವನು ನಾನು. ಕಸಿ ಹಿಡಿಯಿತೇ ಇಲ್ಲವೇ ಎಂದಷ್ಟೇ ನೋಡುವುದು ನಮ್ಮ ಕಸುಬು. ಹಿಡಿದ ಕಸಿಯನ್ನು ಸಂಜೆ ಬಿಚ್ಚಿ ಬಾಚಿ ಮೊಳೆಗೆ ನೇತುಹಾಕುವ ಪದ್ಧತಿ ಯಾವ ತೋಟದಲ್ಲೂ ಇಲ್ಲ.

ಮದುವೆಯ ಬೆಳಿಗ್ಗೆ ಚಿಕ್ಕಮಗಳೂರಿನ ಛತ್ರದ ಕೋಣೆಯೊಂದರಲ್ಲಿ ಸ್ಟೋವ್ ಹಚ್ಚಿ ಮೇಣ ಕಾಯಿಸುತ್ತಿದ್ದೆ. ಅತ್ತೆ ಮುದ್ದಮ್ಮನವರು ಇಣುಕಿದರು.

"ಎಂತ ಅಳಿಯಂದ್ರೆ, ಹಲ್ವಾನಾ?"

"ಕಸಿ ಮೇಣ ಅತ್ತೆ."

"ಅಯ್ಯೋ ಶಿವನೆ! ಮದುವೆ ಮನೇಲೂ ಗಿಡನಾ!" ಎಂದು ಹೋದರು.

ಗಂಗಾಳ ಕೂದಲಿಗೂ ಚೌರಿಗೂ ಸಂಧಿ ಮಾಡಿ, ಕಪ್ಪು ದಾರ ಸುತ್ತಿ, ಬೆಚ್ಚಗಿನ ಮೇಣವನ್ನು ಬ್ರಷ್ಷಿನಿಂದ ಬಳಿದೆ. ಅವಳೇ ಒಮ್ಮೆ ಎಳೆದು ನೋಡಿದಳು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. ಆರು ವರ್ಷದಲ್ಲಿ ಜಡೆಯ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಡಿಗ್ರಿ ಬಂದ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ಹನ್ನೊಂದು ಗಂಟೆಯವರೆಗೆ ವಿಜ್ಞಾನ ಗೆಲ್ಲುತ್ತಲೇ ಇತ್ತು. ಆಮೇಲೆ ಗಂಡಿನ ಕಡೆಯವರ ವಿಡಿಯೊ ಬಂತು. ಆಗ ತಾನೆ ನಮ್ಮ ಕಡೆಯ ಮದುವೆಗಳಿಗೆ ವಿಡಿಯೊ ಕಾಲಿಟ್ಟಿತ್ತು. ಅದರ ಜೊತೆಗೆ ಸಾವಿರ ವಾಟಿನ ದೀಪವೊಂದು ಬರುತ್ತಿತ್ತು. ದೀಪದವನು ಅದನ್ನು ಮದುಮಗಳ ಮುಖಕ್ಕೆ ಹಿಡಿಯಲು ನಿಂತದ್ದು ಕಳಸಗಿತ್ತಿಯ ಬೆನ್ನಿಗೆ ಸರಿಯಾಗಿ, ಒಂದೂವರೆ ಅಡಿ ದೂರದಲ್ಲಿ. ನನ್ನ ಮೇಣ ನರ್ಸರಿಯ ನೆರಳಿನ ಇಪ್ಪತ್ತಾರು ಡಿಗ್ರಿಗೆ ಹದ ಮಾಡಿದ ಮೇಣ. ಕಂಬದ ಮರೆಯಿಂದ ನೋಡುತ್ತಿದ್ದ ನನಗೆ ಸಂಧಿ ನಿಧಾನವಾಗಿ ಹೊಳೆಯತೊಡಗಿದ್ದು ಕಂಡಿತು. ಜಡೆ ಜಾರಲಿಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಮೇಣ ಮಾತ್ರ ಬೆಲ್ಲದ ಪಾಕದಂತಾಯಿತು.

ಅಷ್ಟರಲ್ಲಿ ಬೀಗಿತ್ತಿ ಬಂದು, "ಎಷ್ಟು ಚೆಂದದ ಜಡೆ ಗಂಗಮ್ಮ!" ಎನ್ನುತ್ತಾ ಅದರ ಬುಡಕ್ಕೇ ಕೈ ಹಾಕಿದರು. ಮುದ್ದು ಮಾಡುವಂತೆ ಕಂಡರೂ ಅದು ತಪಾಸಣೆಯೇ. ಹಾಕಿದ ಕೈ ವಾಪಸು ಬರಲಿಲ್ಲ. ಎಳೆದರು, ಗಂಗಾಳ ತಲೆ ಹಿಂದಕ್ಕೆ ಬಾಗಿತು. ಬಿಡಲು ನೋಡಿದರು, ಆಗಲಿಲ್ಲ. ವಿಡಿಯೊದವನು ಇದೂ ಒಂದು ಶಾಸ್ತ್ರವಿರಬೇಕೆಂದು ಹತ್ತಿರ ಬಂದು ತೆಗೆದುಕೊಂಡ.

"ಇದೆಂತದೇ ಇದು, ಅಂಟು?" ಬೀಗಿತ್ತಿಯ ದನಿ ಬದಲಾಗಿತ್ತು. "ಜಡೆ ಬುಡದಲ್ಲಿ ಅಂಟು ಯಾಕಿದೆ?"

ಗಂಗಾಳ ಎರಡೂ ಕೈಯಲ್ಲಿ ಕಳಸ. ಆದರೆ ಬಾಯಿ ಖಾಲಿಯಿತ್ತು.

"ಮೆಲ್ಲಗೆ ಅತ್ತೆ," ಎಂದಳು ಬೀಗಿತ್ತಿಗೆ. "ನಿಮ್ಮ ಹತ್ರ ಮುಚ್ಚಿಟ್ಟು ಏನು? ನಮ್ಮ ಯಜಮಾನ್ರ ತಲೇಲಿರೋದು ಸ್ವಂತ ಕೂದಲಲ್ಲ, ಟೋಪನ್ನು. ದಿನಾ ಬೆಳಿಗ್ಗೆ ಮೇಣ ಕಾಯಿಸಿ ಅಂಟಿಸ್ಕೊಳ್ತಾರೆ. ಇವತ್ತು ಗಡಿಬಿಡೀಲಿ ನನ್ನ ಜಡೆಗೂ ತಾಗಿಸಿದ್ದಾರೆ. ದಯವಿಟ್ಟು ಯಾರಿಗೂ ಹೇಳಬೇಡಿ."

"ಅಯ್ಯೋ ಪಾಪ, ಅದಕ್ಕೇ ಬೆಳಿಗ್ಗೆ ಸ್ಟೋವ್ ಹಚ್ಕೊಂಡು ಕೂತಿದ್ರು," ಎಂದು ಮುದ್ದಮ್ಮನವರು ಪಕ್ಕದಿಂದ ಸಾಕ್ಷಿ ಹೇಳಿದರು.

ಬೀಗಿತ್ತಿಯ ಕೈಯನ್ನು ಕೊಬ್ಬರಿ ಎಣ್ಣೆಯಿಂದ ಬಿಡಿಸಿದರು. (ಗಂಗಾಳ ಕೂದಲನ್ನು ಬಿಡಿಸಲು ಮೂರು ದಿನವೂ ಒಂದು ಕತ್ತರಿಯೂ ಬೇಕಾಯಿತು. ಈಗ ವ್ಯತ್ಯಾಸ ಇಪ್ಪತ್ತು ಇಂಚು.) ಯಾರಿಗೂ ಹೇಳಬೇಡಿ ಎಂದ ವಿಷಯ ಮಂಟಪದಿಂದ ಅಡುಗೆಮನೆ ತಲುಪಲು ಹನ್ನೊಂದು ನಿಮಿಷ ಹಿಡಿಯಿತು. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಎದುರು ಸಿಕ್ಕವರೆಲ್ಲ ನನ್ನ ಹಣೆಯಿಂದ ಎರಡು ಇಂಚು ಮೇಲೆ ನೋಡಿ ಮಾತನಾಡತೊಡಗಿದರು. ಹೇಳಿಕೊಳ್ಳಬಾರದು, ನಲವತ್ತೆರಡು ವರ್ಷಕ್ಕೂ ನನ್ನ ತಲೆಯಲ್ಲಿ ಒಂದು ಕೂದಲೂ ಉದುರಿಲ್ಲ. ಆ ದಿನ ಅದೇ ನನ್ನ ವಿರುದ್ಧದ ಸಾಕ್ಷಿಯಾಯಿತು. "ಇಷ್ಟು ದಟ್ಟ ಇರೋದು ನಿಜ ಹೇಗಾಗ್ತದೆ?" ಎಂದು ಹಿಂದಿನ ಸಾಲಿನ ಹೆಂಗಸೊಬ್ಬಳು ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಮದುಮಗನ ತಂದೆ ಮಲ್ಲಿಕಾರ್ಜುನಪ್ಪನವರು ಕುಳಿತರು. ಅವರ ತಲೆ ನುಣ್ಣಗೆ ಬೋಳಾಗಿತ್ತು. ಹೋಳಿಗೆಗೆ ತುಪ್ಪ ಬಿದ್ದ ಮೇಲೆ ನನ್ನ ಕಿವಿಗೆ ಬಾಗಿದರು.

"ತಪ್ಪು ತಿಳ್ಕೋಬೇಡಿ. ನಂಗೂ ಆಸೆ ಇದೆ ಮಾರಾಯ್ರೆ, ಅದಕ್ಕೆ ಕೇಳ್ತೀನಿ. ಹೊಲಿದದ್ದಾ, ಅಂಟಿಸಿದ್ದಾ?"

ನಿಜ ಹೇಳಲು ಬಾಯಿ ತೆರೆದೆ. ಎದುರಿನ ಪಂಕ್ತಿಯಲ್ಲಿ ತಂಗಿಯ ಪಕ್ಕ ಕುಳಿತಿದ್ದ ಗಂಗಾ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದಳು. ಮೂವತ್ತೊಂದು ಇಂಚಿನ ಜಡೆ ಹೆಗಲ ಮೇಲಿಂದ ಇಳಿದು ಮಡಿಲಲ್ಲಿ ಮಲಗಿತ್ತು.

"ಅಂಟಿಸಿದ್ದು," ಎಂದೆ.

ಅವರು ಎಡಗೈಯಿಂದ ನನ್ನ ಮುಂಗೂದಲನ್ನು ಹಿಡಿದು ಎರಡು ಸಲ ಚೆನ್ನಾಗಿ ಜಗ್ಗಿದರು. ನನ್ನ ಕಣ್ಣಲ್ಲಿ ನೀರು ಬಂತು.

"ಭಾರಿ ಗಟ್ಟಿ ಇದೆ!" ಎಂದು ಮೆಚ್ಚಿ, ಅವರು ಹೋಳಿಗೆಗೆ ಕೈ ಹಾಕಿದರು.